ಮರಕ್ಕಾದ್ರೂ ಲೆಕ್ಕ ಇದೆ, ಪೊದೆಗೆ ಯಾರಿದ್ದಾರೆ?

ಬೆಂಗಳೂರಲ್ಲಿ ಮರ ಕಡಿಯೋ ಮಾತು ಬಂದ್ರೆ ಎಲ್ರೂ ಮೆಟ್ರೋ, ಫ್ಲೈಓವರ್, ರೋಡ್ ವೈಡನಿಂಗ್ ಅಂತ ಶುರು ಮಾಡ್ತೀವಿ, ಆದ್ರೆ ಈ ಜಗಳ ತುಂಬಾ ಹಳೇದು, ಮತ್ತೆ ಅದರಲ್ಲಿ ಯಾರೂ ಬಾಯೇ ಬಿಡದ ಒಂದು ಭಾಗ ಇದೆ, ಮರದ ಬುಡದಲ್ಲಿರೋ ಪೊದೆ.

1870ರಲ್ಲಿ ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ಕಬ್ಬನ್ ಪಾರ್ಕ್ ಮಾಡ್ದಾಗಿಂದ ಪಾರ್ಕ್ ಅಂದ್ರೆ ದಾರಿ, ಹುಲ್ಲುಹಾಸು, ಸಾಲುಮರ ಅನ್ನೋ ಚಿತ್ರ ನಮ್ಮ ತಲೇಲಿ ಕೂತಿದೆ. ಆಮೇಲೆ ಲಾಲ್‌ಬಾಗ್ ನೋಡ್ಕೊಂಡ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕಾಲದಲ್ಲಿ ಒಂದಾದ ಮೇಲೊಂದು ಹೂ ಬಿಡೋ ಮರಗಳು ಬೀದಿಗಳಿಗೂ ಬಂದ್ವು. ಉಳಿಸೋಕೆ ಕಾನೂನು ಬರೋಕೆ ಮಾತ್ರ ನೂರು ವರ್ಷ ಬೇಕಾಯ್ತು. 1975ರಲ್ಲಿ ಸರ್ಕಾರಿ ಉದ್ಯಾನಗಳ ಕಾಯ್ದೆ, 1976ರಲ್ಲಿ ಮರ ಸಂರಕ್ಷಣೆ ಕಾಯ್ದೆ, ಟ್ರೀ ಆಫೀಸರ್ ಪರ್ಮಿಷನ್ ಇಲ್ದೆ ಮರ ಕಡಿಯೋ ಹಾಗಿಲ್ಲ ಅಂತ. 1980ರ ದಶಕದಲ್ಲಿ ಅರಣ್ಯ ಇಲಾಖೆಯ ನೆಗಿನಹಾಳ್ ಅವರು ನಗರದ ತುಂಬ ಸುಮಾರು 15 ಲಕ್ಷ ಸಸಿ ನೆಡಿಸಿದ್ರು, ಇವತ್ತು ನಾವು ಗಾಡಿ ನಿಲ್ಸೋಕೆ ಹುಡುಕೋ ನೆರಳಲ್ಲಿ ಎಷ್ಟೋ ಪಾಲು ಅವರದ್ದೇ.

ಕಾನೂನು ಇದ್ರೂ ಕಷ್ಟ ತಪ್ಪಲಿಲ್ಲ. 1998ರಲ್ಲಿ ಕಬ್ಬನ್ ಪಾರ್ಕ್‌ನ ಒಂದಷ್ಟು ಜಾಗ ಡಿನೋಟಿಫೈ ಮಾಡೋಕೆ, ಅಂದ್ರೆ ಪಾರ್ಕಿನ ಲೆಕ್ಕದಿಂದ ತೆಗೆಯೋಕೆ, ಹೊರಟಾಗ ಜನ ಬೀದಿಗಿಳಿದ್ರು, ಕೋರ್ಟಿಗೂ ಹೋದ್ರು. ಮೆಟ್ರೋ ಬಂದಾಗ ಇನ್ನೂ ಬೇಜಾರಿನ ಕೆಲಸ ಆಯ್ತು, ಲಾಲ್‌ಬಾಗ್‌ನ ತುಂಡು ಜಾಗ ಬೇಕು ಅಂತ 1975ರ ಕಾಯ್ದೆಯನ್ನೇ ತಿದ್ದಿದ್ರು, 2009ರಲ್ಲಿ ಕಾಂಪೌಂಡ್ ಗೋಡೆ ಒಡೆದ್ರು, ಎಂ.ಜಿ. ರೋಡಿನ ಬುಲೆವಾರ್ಡ್, ಆ ಸಾಲುಮರದ ನಡಿಗೆ ದಾರಿ ಕೂಡ ಹೋಯ್ತು. ಜನ ಗೆದ್ದಿದ್ದೂ ಇದೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದ ತನಕ ಸ್ಟೀಲ್ ಫ್ಲೈಓವರ್ ಕಟ್ಟೋಕೆ 812 ಮರ ಹೋಗುತ್ತೆ ಅಂತ ಗೊತ್ತಾದಾಗ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮಾನವ ಸರಪಳಿ ಮಾಡಿ ನಿಂತ್ರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಡ್ತು.

ಅಲ್ಲಿ ಜನರನ್ನ ಎಬ್ಬಿಸಿದ್ದು ಆ 812 ಅನ್ನೋ ನಂಬರ್. 50ಕ್ಕಿಂತ ಜಾಸ್ತಿ ಮರ ಕಡಿಬೇಕಾದ್ರೆ ಪಬ್ಲಿಕ್ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳ್ಬೇಕು ಅಂತ ಮರ ಸಂರಕ್ಷಣೆ ಕಾಯ್ದೆಗೆ ಸೇರಿಸಿದ್ದಾರೆ, ಅದಕ್ಕೇ ಕೆಲಸನ ತುಂಡು ಮಾಡಿ 50ರ ಒಳಗೆ ತೋರಿಸ್ತಾರೆ ಅನ್ನೋ ದೂರೂ ಇದೆ. ಇರ್ಲಿ, ಮರಕ್ಕೆ ಎಣಿಕೆ ಅಂತಾದ್ರೂ ಇದೆ. ಪೊದೆಗೆ ನೋಟಿಸ್ ಇಲ್ಲ, ಆಕ್ಷೇಪಣೆ ಇಲ್ಲ, 'ಜಂಗಲ್ ಕ್ಲಿಯರೆನ್ಸ್' ಅಂತ ಬಿಲ್ ಆಗುತ್ತೆ, ಒಂದು ಬೆಳಿಗ್ಗೆ ಜೆಸಿಬಿ ಬಂದು ಹೋದ್ರೆ ಮುಗೀತು.

ತುರಹಳ್ಳಿಯಲ್ಲಿ ಇದು ಚೆನ್ನಾಗಿ ಕಾಣಿಸ್ತು. ಕನಕಪುರ ರಸ್ತೆ ಕಡೆ 500 ಎಕರೆಗೂ ಮೇಲಿರೋ ಕುರುಚಲು ಕಾಡು ಅದು, ನೋಡೋಕೆ ಒಣಗಿದ ಹಾಗೆ ಕಾಣುತ್ತೆ, ಅದಕ್ಕೇ 2021ರಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಕೆಲವರಿಗೆ ಒಳ್ಳೇದೇ ಅನ್ನಿಸ್ತು. ಸುತ್ತಮುತ್ತಲಿನ ಜನ ಇದು ಕಾಡು, ಕಾಡಾಗೇ ಬಿಡಿ ಅಂತ ಹಠ ಹಿಡಿದ್ರು, ಯೋಜನೆ ನಿಲ್ತು.

ಪೊದೆ ತೆಗೆಯೋಕೆ ಹೇಳೋ ಕಾರಣಗಳು ಗೊತ್ತಿರೋವೇ, ಹಾವು ಬರುತ್ತೆ, ಸೊಳ್ಳೆ, ಕತ್ತಲಾದ್ಮೇಲೆ ಹೆಣ್ಮಕ್ಕಳಿಗೆ ಭಯ. ಕೊನೇದನ್ನ ನಾನು ತಳ್ಳಿಹಾಕಲ್ಲ, ನಿಜವಾದ ಭಯ ಅದು, ಆದ್ರೆ ಅದಕ್ಕೆ ದಾರಿ ಪಕ್ಕದ್ದನ್ನ ಸವರಿ ಲೈಟ್ ಹಾಕಿದ್ರೆ ಸಾಕು, ಇಡೀ ಪಾರ್ಕ್ ಬೋಳಿಸ್ಬೇಕಾಗಿಲ್ಲ. ಹೊರಗಿಂದ ಬಂದು ಎಲ್ಲಾ ಕಡೆ ಹಬ್ಬೋ ಲಂಟಾನ ಕಳೆ ತೆಗೀಬೇಕು ಅನ್ನೋದೂ ಸರಿ, ಆದ್ರೆ ಅದರ ಜೊತೆ ಕವಳಿ, ಬಂದರಿಕೆಯಂಥ ಇಲ್ಲಿಯದ್ದೇ ಪೊದೆಗಳನ್ನೂ ಕಿತ್ತು ಮೇಲೆ ಲಾನ್ ಹಾಸಿದ್ರೆ ಏನು ಬಂತು? ಪಿಕಳಾರ ಗೂಡು ಕಟ್ಟೋದು ಕೈಗೆಟಕೋ ಪೊದೆಯಲ್ಲಿ, ಸಿಂಪಿಗ ಹಕ್ಕಿ ಎಲೆ ಹೊಲಿಯೋದೂ ಅಲ್ಲೇ. ಮರದ ಮೇಲೇ ಬದುಕೋ ಕಾಡುಪಾಪಕ್ಕೆ ಜಿಗಿಯೋಕೆ ಬರಲ್ಲ, ಕೊಂಬೆ ಬಳ್ಳಿ ಒಂದಕ್ಕೊಂದು ತಾಗಿದ್ರೆ ಮಾತ್ರ ಓಡಾಡುತ್ತೆ, ಐಐಎಸ್‌ಸಿ ಕ್ಯಾಂಪಸ್‌ನಂಥ ಕಡೆ ಇವತ್ತಿಗೂ ಉಳಿದಿರೋದು ಅದಕ್ಕೇ. ಒಂದು ಮರಕ್ಕೆ 10 ಸಸಿ ನೆಡ್ತೀವಿ ಅನ್ನೋ ಪರಿಹಾರದಲ್ಲಿ ಇದ್ಯಾವುದೂ ವಾಪಸ್ ಬರಲ್ಲ.

ನಿಮ್ಮ ವಾರ್ಡಿನ ಪಾರ್ಕ್‌ಗೆ ಅಭಿವೃದ್ಧಿ ಅಂತ ದುಡ್ಡು ಬಂದ್ರೆ ಎಂಜಿನಿಯರ್ ಹತ್ರ ಪ್ಲಾನ್ ಕೇಳಿ, ಯಾವ ಪೊದೆ ಉಳಿಯುತ್ತೆ ಅಂತ ಗುರುತು ಹಾಕಿಸಿ, ಫೆಬ್ರವರಿಯಿಂದ ಮೇ ತನಕ ಗೂಡು ಕಟ್ಟೋ ಟೈಮಲ್ಲಂತೂ ಜೆಸಿಬಿ ಒಳಗೆ ಬಿಡ್ಬೇಡಿ ಅಂತ ಬರವಣಿಗೆಯಲ್ಲೇ ಕೊಡಿ.