ಸಿಮ್ಯುಲೇಷನ್‌ನಲ್ಲಿ ಪಾಲಿಮರ್‌ಗಳು ಬೆರೆತವು, ಹಾಗಾದರೆ ಹೊಂದುತ್ತವೆ ಅಲ್ವಾ?

ಪ್ರಶ್ನೆ: ಪಾಲಿಸ್ಟೈರೀನ್ ಮತ್ತು ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಸರಪಳಿಗಳನ್ನು ಒಂದೇ ಬಾಕ್ಸಿನಲ್ಲಿಟ್ಟು ಮಾಲಿಕ್ಯುಲರ್ ಡೈನಮಿಕ್ಸ್ (ಅಣುಗಳ ಚಲನೆಯನ್ನು ಲೆಕ್ಕಹಾಕುವ ಸಿಮ್ಯುಲೇಷನ್) ಓಡಿಸಿದೆ. ಕೊನೆವರೆಗೂ ಬೆರೆತೇ ಇದ್ದವು. ಇವು ಹೊಂದುತ್ತವೆ ಎಂದು ಬರೆಯಬಹುದಾ?

ಉತ್ತರ: ದಯವಿಟ್ಟು ಬರೆಯಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ತಪ್ಪು ಮಾತ್ರ ಪ್ರತಿ ಸಲ ಅಲ್ಲೇ ಇರುತ್ತದೆ.

ನಿಮ್ಮ ಸರಪಳಿಯಲ್ಲಿ ಎಷ್ಟು ಮಾನೋಮರ್, ಅಂದರೆ ಕೊಂಡಿಗಳು, ಇದ್ದವು? ಕಂಪ್ಯೂಟರ್ ಸಮಯ ಉಳಿಸಲು ಬಹಳ ಜನ 20ಕ್ಕೇ ನಿಲ್ಲಿಸುತ್ತಾರೆ. ಆದರೆ ಬೆರೆಯುತ್ತವೋ ಇಲ್ಲವೋ ಎಂಬುದು ಉದ್ದದ ಮೇಲೇ ನಿಂತಿದೆ. ಎರಡೂ ಸರಪಳಿಗಳು ಒಂದೇ ಉದ್ದ, ಪಾಲು ಅರ್ಧರ್ಧ ಎಂದುಕೊಳ್ಳಿ. ಎರಡು ಬಗೆಯ ಕೊಂಡಿಗಳಿಗೆ ಒಂದಕ್ಕೊಂದು ಎಷ್ಟು ಆಗಿಬರುವುದಿಲ್ಲ ಎಂದು ಹೇಳುವ ಸಂಖ್ಯೆ ಫ್ಲೋರಿ-ಹಗಿನ್ಸ್ ಪ್ಯಾರಾಮೀಟರ್. ಆಗ ಅದನ್ನು ಉದ್ದದಿಂದ, ಅಂದರೆ ಮಾನೋಮರ್ ಸಂಖ್ಯೆಯಿಂದ, ಗುಣಿಸಿ. 2 ದಾಟಿದರೆ ಬೇರೆಯಾಗುತ್ತವೆ. ನಿಮ್ಮ ಜೋಡಿಗೆ ಆ ಪ್ಯಾರಾಮೀಟರ್ ಸುಮಾರು 0.04. 20 ಮಾನೋಮರ್‌ಗೆ 0.8 ಬರುತ್ತದೆ, ಬೆರೆಯುತ್ತವೆ. 1000 ಇದ್ದರೆ 40! ಬಿಡಿ ಮಾನೋಮರ್‌ಗಳಿಗೆ ಎಲ್ಲಿ ಬೇಕಾದರೂ ಹೋಗಿ ಸೇರುವ ಸ್ವಾತಂತ್ರ್ಯವಿತ್ತು. ಸರಪಳಿಯಾಗಿ ಕಟ್ಟಿದ ಮೇಲೆ ಅದು ಹೋಯಿತು. ಉಳಿದದ್ದು ಪ್ರತಿ ಕೊಂಡಿಯ ಸಣ್ಣ ಸಣ್ಣ ಅಸಮಾಧಾನ, ಅದು ಸರಪಳಿಯುದ್ದಕ್ಕೂ ಕೂಡುತ್ತಾ ಹೋಗುತ್ತದೆ.

'ಉದ್ದ ಸರಪಳಿಯನ್ನೇ ಹಾಕಿದೆ, ಆದರೂ ಬೆರೆತೇ ಇವೆ' ಎನ್ನುವವರೂ ಇದ್ದಾರೆ. ಬಾಕ್ಸ್ ಕಟ್ಟುವಾಗ ಸಾಫ್ಟ್‌ವೇರೇ ಅವನ್ನು ಬೆರೆಸಿ ಇಟ್ಟಿತ್ತು, ನೋಡಿದಿರಾ? ಎರಡೂ ಸುಮಾರು 100 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಾಜಿನಂತೆ ಬಿಗಿಯುತ್ತವೆ. ಕೋಣೆಯ ತಾಪಮಾನದಲ್ಲಿ ಹತ್ತಾರು ನ್ಯಾನೊಸೆಕೆಂಡ್ ಓಡಿಸಿದರೆ ಸರಪಳಿ ಇಟ್ಟಲ್ಲೇ ಇರುತ್ತದೆ. ಅದನ್ನು ಫಲಿತಾಂಶ ಅನ್ನಲಾಗದು. ತಾಪಮಾನ ಏರಿಸಿ. ಒಮ್ಮೆ ಬೆರೆಸಿಟ್ಟು, ಒಮ್ಮೆ ಎರಡು ಪದರವಾಗಿಟ್ಟು ಓಡಿಸಿ. ಎರಡೂ ಒಂದೇ ಸ್ಥಿತಿಗೆ ಬಂದರೆ ಮಾತ್ರ ನಂಬಿ. ಅಷ್ಟು ಹೊತ್ತು ಓಡಿಸಲಾಗದಿದ್ದರೆ, ಕೆಲವು ಮಾನೋಮರ್‌ಗಳನ್ನು ಒಂದೇ ಮಣಿಯಾಗಿ ಎಣಿಸುವ ಡಿಪಿಡಿ (ಡಿಸಿಪೇಟಿವ್ ಪಾರ್ಟಿಕಲ್ ಡೈನಮಿಕ್ಸ್) ವಿಧಾನಕ್ಕೆ ಹೋಗಿ.

ಇಷ್ಟಕ್ಕೂ ಬೆರೆಯದಿದ್ದರೆ ಬ್ಲೆಂಡ್ (ಪಾಲಿಮರ್ ಮಿಶ್ರಣ) ಕೆಟ್ಟಿತು ಎಂದು ಯಾಕೆ ಅಂದುಕೊಳ್ಳಬೇಕು? ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ನೋಡಿ. ಒಳಗಿನ ರಬ್ಬರ್ ಕಣಗಳು ಬೇರೆಯಾಗಿ ನಿಂತಿರುವುದರಿಂದಲೇ ಅದು ಏಟು ತಡೆಯುತ್ತದೆ. ಆದರೆ ಕಣದ ಅಂಚು ಸುತ್ತಲಿನ ಪಾಲಿಸ್ಟೈರೀನನ್ನು ಬಿಗಿಯಾಗಿ ಹಿಡಿದಿರಬೇಕು. ಹಾಗಾಗಿ ನನ್ನ ಮಾತು ಕೇಳುವುದಾದರೆ, ಸಿಮ್ಯುಲೇಷನ್‌ನಲ್ಲಿ ಎರಡು ಪಾಲಿಮರ್ ನಡುವಿನ ಗಡಿಯನ್ನು ನೋಡಿ. ಪಾಲಿಸ್ಟೈರೀನ್-ಪಿಎಂಎಂಎ ಬ್ಲಾಕ್ ಕೋಪಾಲಿಮರ್ (ಒಂದು ತುಂಡು ಪಾಲಿಸ್ಟೈರೀನ್, ಇನ್ನೊಂದು ತುಂಡು ಪಿಎಂಎಂಎ ಆಗಿರುವ ಒಂದೇ ಸರಪಳಿ) ಸ್ವಲ್ಪ ಸೇರಿಸಿ. ಅದು ಗಡಿಗೆ ಹೋಗಿ, ಒಂದೊಂದು ತುದಿಯನ್ನು ಒಂದೊಂದು ಕಡೆ ಚಾಚುತ್ತದೆಯೇ? ಗಡಿಯ ಸೆಳೆತ (ಇಂಟರ್ಫೇಶಿಯಲ್ ಟೆನ್ಷನ್) ಎಷ್ಟು ಇಳಿಯಿತು? ಒಂದು ಪಾಲಿಮರ್ ಒಳಗೆ ನಿಂತ ಇನ್ನೊಂದರ ಹನಿಗಳು ಕೂಡಿಕೊಳ್ಳುವುದು ನಿಧಾನವಾಯಿತೇ? ಸುಮ್ನೆ ಜಾಸ್ತಿ ಸುರಿಯಬೇಡಿ. ಗಡಿ ತುಂಬಿದ ಮೇಲೆ ಮಿಕ್ಕಿದ್ದು ಒಳಗೇ ಮೈಸೆಲ್ (ತಮ್ಮತಮ್ಮಲ್ಲೇ ಕೂಡಿದ ಸಣ್ಣ ಗುಂಪು) ಕಟ್ಟಿಕೊಳ್ಳುತ್ತದೆ, ಸೆಳೆತ ಮತ್ತೆ ಇಳಿಯುವುದಿಲ್ಲ.