ಗಡಿಯ ಬಂಕ್ ಮತ್ತು ಐದಾರು ರೂಪಾಯಿಯ ಆಸೆ

ಪೆಟ್ರೋಲ್ ಬಂಕ್ ಹಾಕಬೇಕೆಂದು ಆಂಧ್ರ ಗಡಿಯ ಬಾಗೇಪಲ್ಲಿ ಕಡೆಯಿಂದ ನನ್ನ ಬಳಿ ಬರುವವರ ಕೈಯಲ್ಲಿ ಪಹಣಿ, ಅದರ ಹಿಂದೆ ಪೆನ್ನಿನಲ್ಲಿ ಗೀಚಿದ ಒಂದು ಗುಣಾಕಾರ. ‘ಸಾರ್, ಆಂಧ್ರದಲ್ಲಿ ಡೀಸೆಲ್ ಲೀಟರಿಗೆ ಐದಾರು ರೂಪಾಯಿ ಜಾಸ್ತಿ. ಹೈವೇ ಪಕ್ಕ ನಮ್ಮ ಜಮೀನಿದೆ. ದಿನಕ್ಕೆ ಹತ್ತು ಸಾವಿರ ಲೀಟರ್ ಹೋದ್ರೆ...’

ಅಲ್ಲೇ ನಿಲ್ಲಿಸುತ್ತೇನೆ. ಆ ಐದಾರು ರೂಪಾಯಿ ನಿಮ್ಮದಲ್ಲ, ಉಳಿಯುವುದು ಲಾರಿಯವರ ಜೇಬಲ್ಲಿ. ಮಾರಾಟ ತೆರಿಗೆಯನ್ನು ತೈಲ ಕಂಪನಿ ಮೊದಲೇ ಸರ್ಕಾರಕ್ಕೆ ಕಟ್ಟಿರುತ್ತದೆ. ಡೀಲರ್ ತೆರಿಗೆ ಸೇರಿದ ಬೆಲೆ ಕೊಟ್ಟೇ ಲೋಡ್ ಇಳಿಸಿಕೊಳ್ಳುತ್ತಾನೆ. ಅವನ ಪಾಲು ಕಮಿಷನ್ ಮಾತ್ರ, ರಾಜ್ಯದ ತೆರಿಗೆ ಏರಿದರೂ ಇಳಿದರೂ ಅದು ಹೆಚ್ಚೇನೂ ಬದಲಾಗುವುದಿಲ್ಲ. ಗಡಿಯಿಂದ ನಿಮಗೆ ಸಿಗುವುದು ಗಿರಾಕಿ ಮಾತ್ರ. ಇದನ್ನು ಒಬ್ಬರಿಗೇ ಎರಡೆರಡು ಸಲ ಹೇಳಿದ್ದೇನೆ. ತಲೆಯಾಡಿಸುತ್ತಾರೆ, ಮತ್ತೆ ಅದೇ ಗುಣಾಕಾರಕ್ಕೆ ಬರುತ್ತಾರೆ.

ಕಂಪನಿಗಳೂ ಗಡಿ ನೋಡಿಯೇ ಬಂಕ್ ಕೊಡುತ್ತವೆ, ಸುಳ್ಳಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಗೆ ಸೇರದೆ ಒಂದೊಂದು ರಾಜ್ಯದಲ್ಲಿ ಒಂದೊಂದು ದರ ಇರುವುದೇ ಕಾರಣ. ದರ ಕಡಿಮೆ ಇದ್ದ ಕಡೆಗೆ ಲಾರಿ ಹೋಗುತ್ತದೆ. ಮುನ್ನೂರು ಲೀಟರ್ ಟ್ಯಾಂಕಿನವನಿಗೆ ಸಾವಿರದೈನೂರರ ಮೇಲೆ ಉಳಿಯುವಾಗ ಹೈದರಾಬಾದಿಗೆ ಹೊರಟವನು ಗಡಿ ದಾಟುವ ಮೊದಲು ತುಂಬಿಸದೆ ಇರುತ್ತಾನೆಯೇ?

ಆದರೆ ಆ ಲೆಕ್ಕ ಸರ್ಕಾರದ ಒಂದು ಆದೇಶದ ಮೇಲೆ ನಿಂತಿದೆ. ಡೀಸೆಲ್ ಮೇಲೆ ನಮ್ಮ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಆಂಧ್ರದ್ದು ಶೇ 22.25, ಮೇಲೆ ಲೀಟರಿಗೆ ನಾಲ್ಕು ರೂಪಾಯಿ, ರಸ್ತೆ ಸೆಸ್ ಒಂದು ರೂಪಾಯಿ. ಶೇಕಡಾವಾರಿನ ಅಂತರ ಹೆಚ್ಚುಕಡಿಮೆ ಕರಗಿಹೋಗಿದೆ. ಅಲ್ಲಿನ ಸರ್ಕಾರ ಆ ಐದು ರೂಪಾಯಿ ಕೈಬಿಟ್ಟರೆ ನಿಮ್ಮ ಬಂಕ್ ಮುಂದೆ ಲಾರಿ ಯಾಕೆ ನಿಲ್ಲಬೇಕು?

ತೆರಿಗೆ ಇಳಿದರೂ ಏಟೇ. 2021ರ ದೀಪಾವಳಿಗೆ ಡೀಸೆಲ್ ಮೇಲೆ ಕೇಂದ್ರ ಹತ್ತು, ರಾಜ್ಯ ಏಳು ರೂಪಾಯಿ ಇಳಿಸಿದವು. ಊರೆಲ್ಲ ಪಟಾಕಿ ಹೊಡೆಯುವಾಗ ನೆಲದಡಿಯ ಟ್ಯಾಂಕಿನಲ್ಲಿ ಹತ್ತು ಸಾವಿರ ಲೀಟರ್ ಹಳೇ ದರದ ಸ್ಟಾಕ್ ಇಟ್ಟುಕೊಂಡಿದ್ದವನಿಗೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಮೇಲೆ ಕೈಬಿಟ್ಟಿತು.

ಬೇಡವೇ ಬೇಡ ಎನ್ನಲಾರೆ; ಕರಾರು ಓದದೆ ಯಾರ ಜಮೀನಿನ ಬಗ್ಗೆಯೂ ಮಾತಾಡುವುದಿಲ್ಲ. ಬರುವಾಗ ಒಂದು ಲೆಕ್ಕ ಮಾತ್ರ ತನ್ನಿ: ಸುತ್ತಲ ಊರಿನ ಟ್ರ್ಯಾಕ್ಟರ್, ಟೆಂಪೊ, ಬೈಕುಗಳಿಂದಲೇ ದಿನಕ್ಕೆ ಎಷ್ಟು ಲೀಟರ್ ಹೋದೀತು? ಬ್ಯಾಂಕಿನ ಕಂತು ಅಷ್ಟರಲ್ಲೇ ಹುಟ್ಟುವಂತಿದ್ದರೆ ಕೂತು ಮಾತಾಡೋಣ. ಲಾರಿಯವರದು ಮೇಲೆ ಬಂದರೆ ಬರಲಿ.