ಸ್ಟೆಮ್ ಸೆಲ್ ಬೆಳೆಸೋರು ಡಿಶ್‌ನ ತಳಾನೂ ನೋಡಬೇಕು

ಸ್ಟೆಮ್ ಸೆಲ್, ಅಂದ್ರೆ ಮುಂದೆ ಮೂಳೆ, ಕೊಬ್ಬು ಹೀಗೆ ಬೇರೆಬೇರೆ ಥರದ ಕೋಶ ಆಗಬಲ್ಲ ಮೂಲಕೋಶ, ಬೆಳೆಸ್ತೀವಿ ಅಂದ ಕೂಡ್ಲೇ ಜನ ಕೇಳೋದು ಯಾವ ಮೀಡಿಯಾ (ಸೆಲ್ಲಿಗೆ ಹಾಕೋ ಪೋಷಕ ದ್ರವ), ಯಾವ ಗ್ರೋತ್ ಫ್ಯಾಕ್ಟರ್, ಸೀರಮ್ (ರಕ್ತದಿಂದ ತೆಗೆದ ದ್ರವ) ಎಷ್ಟು ಪರ್ಸೆಂಟ್ ಅಂತ. ಸೆಲ್ಲು ಬೆಳೆಸೋ ಡಿಶ್‌ನ ತಳ ಎಂಥದ್ದು ಅಂತ ಕೇಳೋರು ಕಮ್ಮಿ. ಪುಣೆಯಲ್ಲಿ ಪಾಷಾಣ್ ಅನ್ನೋ ಏರಿಯಾ ಕಡೆ ಒಂದು ಲ್ಯಾಬಲ್ಲಿ ಇದೇ ಕೆಲಸ ಮಾಡೋಳು ನಾನು, ನನ್ನ ಕೇಳಿದ್ರೆ ಅರ್ಧ ಕಥೆ ಇರೋದೇ ತಳದಲ್ಲಿ.

ಸಾದಾ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೇಲೆ ನೀರು ಹನಿಯಾಗೇ ನಿಲ್ಲುತ್ತೆ, ಹರಡಲ್ಲ. ಬ್ಯಾಕ್ಟೀರಿಯಾ ಬೆಳೆಸೋ ಅಗ್ಗದ ಪೆಟ್ರಿ ಡಿಶ್ ಅದೇ. ಅದಕ್ಕೆ ಮೂಳೆಮಜ್ಜೆಯ ಸ್ಟೆಮ್ ಸೆಲ್ ಹಾಕಿ ಮಾರನೇ ದಿನ ಮೈಕ್ರೋಸ್ಕೋಪಲ್ಲಿ ನೋಡಿ, ದುಂಡಗೆ ಗುಂಪುಗುಂಪಾಗಿ ತೇಲ್ತಿರ್ತವೆ, ಸುಮಾರು ಸತ್ತೂ ಹೋಗಿರ್ತವೆ. ಅದೇ ಪ್ಲಾಸ್ಟಿಕ್‌ಗೆ ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿಂದ ಚಾರ್ಜ್ ಆದ ಅನಿಲ) ಹಾಯಿಸಿ ನೀರು ಹರಡೋ ಹಾಗೆ ಮಾಡಿದ್ರೆ ಕೆಲವೇ ಗಂಟೆಯಲ್ಲಿ ಅಂಟಿಕೊಂಡು ಎರಡೂ ತುದಿ ಚೂಪಾಗಿ ಚಾಚಿಕೊಂಡಿರ್ತವೆ. ಪ್ಯಾಕೆಟ್ ಮೇಲೆ ಟಿಶ್ಯೂ ಕಲ್ಚರ್ ಟ್ರೀಟೆಡ್ ಅಂತ ಬರೆದು ಜಾಸ್ತಿ ದುಡ್ಡು ತಗೊಳ್ಳೋದು ಇದಕ್ಕೇ.

ಹಾಗಂತ ಸೆಲ್ಲು ಪ್ಲಾಸ್ಟಿಕ್ಕನ್ನ ನೇರ ಹಿಡ್ಕೊಳ್ಳೋದಲ್ಲ. ಸೀರಮ್‌ನಲ್ಲಿರೋ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಥರದ ಪ್ರೋಟೀನುಗಳು ಮೊದ್ಲೇ ಹೋಗಿ ಅಲ್ಲಿ ಕೂತಿರ್ತವೆ, ಸೆಲ್ಲಿನ ಮೈಮೇಲಿರೋ ಇಂಟೆಗ್ರಿನ್‌ಗಳು ಹಿಡಿಯೋದು ಅವನ್ನ. ಫೈಬ್ರೊನೆಕ್ಟಿನ್ ಅಷ್ಟು ದೊಡ್ಡದಿದ್ರೂ ಹಿಡಿಕೆ ಮಾತ್ರ ಪುಟ್ಟದು, ಮುಖ್ಯವಾಗಿ ಮೂರೇ ಅಮೈನೋ ಆಸಿಡ್: ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಸಿಡ್. 1984ರಲ್ಲಿ ಗೊತ್ತಾಗಿದ್ದು ಇದು, ಈಗ ಸೆಲ್ಲು ಬೆಳೆಸೋಕೆ ಪ್ಲಾಸ್ಟಿಕ್ ಬದಲು ಮೆತ್ತನೆ ಜೆಲ್ ಮಾಡೋರು ಎಷ್ಟೋ ಜನ ಈ ಮೂರನ್ನೇ ಅಂಟಿಸಿ ಕೆಲಸ ಸಾಗಿಸ್ತಾರೆ.

ಹಿಡ್ಕೊಂಡ ಮೇಲೆ ಸೆಲ್ಲು ಸುಮ್ನೆ ಕೂರಲ್ಲ, ಎಳೆದು ನೋಡುತ್ತೆ, ಕೆಸರುಗದ್ದೆಗೆ ಇಳಿಯೋನು ಮೊದ್ಲು ಕಾಲಲ್ಲಿ ಒತ್ತಿ ನೋಡ್ತಾನಲ್ಲ ಹಾಗೆ. 2006ರಲ್ಲಿ ಪೆನ್ಸಿಲ್ವೇನಿಯಾದ ಡೆನ್ನಿಸ್ ಡಿಶರ್ ತಂಡ ಇದನ್ನೇ ಹಿಡಿದು, ಪಾಲಿಅಕ್ರಿಲಮೈಡ್ ಜೆಲ್ಲನ್ನ ಬೇರೆಬೇರೆ ಗಡಸಲ್ಲಿ ಮಾಡಿ, ಒಂದೇ ಥರದ ಸ್ಟೆಮ್ ಸೆಲ್ಲು, ಒಂದೇ ಮೀಡಿಯಾ ಇಟ್ಟು ನೋಡಿದ್ರು. ಮಿದುಳಿನಷ್ಟು ಮೆತ್ತಗೆ, ಅಂದ್ರೆ 1 ಕಿಲೋಪಾಸ್ಕಲ್ (ಗಡಸು ಅಳೆಯೋ ಮಾನ) ಒಳಗಿದ್ರೆ ನರಕೋಶದ ಥರ ಕವಲು ಬಿಟ್ಟವು, 10ರ ಆಸುಪಾಸು ಸ್ನಾಯುವಿನ ಗುರುತು, 25ರಿಂದ 40ರಲ್ಲಿ ಮೂಳೆಯ ಗುರುತು. ನಾವು ದಿನಾ ಬಳಸೋ ಪ್ಲಾಸ್ಟಿಕ್ಕಿನ ಗಡಸು ಎಷ್ಟು ಗೊತ್ತಾ? ಸುಮಾರು 30 ಲಕ್ಷ ಕಿಲೋಪಾಸ್ಕಲ್! ಗಟ್ಟಿ ಮೂಳೆ, ಹಲ್ಲು ಬಿಟ್ರೆ ಮೈಯೊಳಗೆ ಅಂಥ ಜಾಗ ಸಿಗೋದು ಕಷ್ಟ.

ಗಡಸು ಒಂದೇ ಅಲ್ಲ, ಜಾಗ ಎಷ್ಟು ಕೊಟ್ರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. 2004ರಲ್ಲಿ ಕ್ರಿಸ್ಟೋಫರ್ ಚೆನ್ ತಂಡ ಫೈಬ್ರೊನೆಕ್ಟಿನ್‌ನ ಪುಟ್ಟ ದ್ವೀಪಗಳನ್ನ ಅಚ್ಚೊತ್ತಿ ತೋರಿಸಿದ್ದು, ಇಕ್ಕಟ್ಟಲ್ಲಿ ದುಂಡಗೆ ಕೂತವು ಕೊಬ್ಬಾಗ್ತವೆ, ಅಗಲವಾಗಿ ಹರಡಿದವು ಮೂಳೆ ಆಗ್ತವೆ. ನನಗೆ ಇನ್ನೂ ಮಜಾ ಅನ್ಸೋದು ಗ್ಲಾಸ್ಗೋದ ಮ್ಯಾಥ್ಯೂ ಡಾಲ್ಬಿ ತಂಡದ 2007ರ ಕೆಲಸ: ಪ್ಲಾಸ್ಟಿಕ್ ಮೇಲೆ 120 ನ್ಯಾನೋಮೀಟರ್ ಅಗಲದ ಗುಳಿಗಳು, ನೀಟಾಗಿ ಸಾಲಲ್ಲಿದ್ರೆ ಏನೂ ವಿಶೇಷ ಇಲ್ಲ, ಸಾಲಿಂದ ಆಚೀಚೆ 50 ನ್ಯಾನೋಮೀಟರ್‌ವರೆಗೆ ಸರಿಸಿ ಅಂಕುಡೊಂಕು ಮಾಡಿದ್ರೆ ಯಾವ ಕೆಮಿಕಲ್ಲೂ ಹಾಕದೇ ಮೂಳೆ ಕಡೆ ತಿರುಗಿಬಿಟ್ಟವು.

ಸರಿ, ಪ್ಲಾಸ್ಟಿಕ್ ಮೇಲೆ ಸಂಖ್ಯೆ ಹೆಚ್ಚಿಸಿಕೊಂಡು ಆಮೇಲೆ ಮೆತ್ತನೆ ಜೆಲ್ಲಿಗೆ ಹಾಕಿದ್ರಾಯ್ತು ಅನ್ನಬಹುದು, ಎಷ್ಟೋ ಲ್ಯಾಬಲ್ಲಿ ಮಾಡೋದೂ ಅದನ್ನೇ, ಜೆಲ್ ಮಾಡೋ ರಗಳೆ ಯಾರಿಗೆ ಬೇಕು. ಆದ್ರೆ 2014ರಲ್ಲಿ ಕೊಲೊರಾಡೊದ ಕ್ರಿಸ್ಟಿ ಆನ್ಸೆತ್ ತಂಡ ತೋರಿಸಿದ ಪ್ರಕಾರ ಸ್ವಲ್ಪ ದಿನ ಗಡಸಲ್ಲಿದ್ರೆ ಮರೆತುಬಿಡ್ತವೆ, ಜಾಸ್ತಿ ದಿನ ಇದ್ರೆ ತಳ ಗಡಸು ಅನ್ನೋ ಸುದ್ದಿಯನ್ನ ಜೀನ್‌ಗಳಿಗೆ ಮುಟ್ಟಿಸೋ ವೈಎಪಿ ಅನ್ನೋ ಪ್ರೋಟೀನು ನ್ಯೂಕ್ಲಿಯಸ್ಸಲ್ಲೇ ಠಿಕಾಣಿ ಹೂಡುತ್ತೆ, ಆಮೇಲೆ ಮೆತ್ತಗಿನ ಜಾಗ ಕೊಟ್ರೂ ಬಿಡಲ್ಲ. ಇಲ್ಲೇ ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ) ಕಡೆಯಿಂದ ದೇಶದ ಎಷ್ಟೋ ಲ್ಯಾಬುಗಳಿಗೆ ಸೆಲ್ ಲೈನ್, ಅಂದ್ರೆ ಲ್ಯಾಬಲ್ಲಿ ಬೆಳೆಸಿಕೊಂಡು ಬಂದ ಸೆಲ್ಲುಗಳ ತಳಿ, ಹೋಗುತ್ತೆ. ಹೋದ ಮೇಲೆ ಯಾವ ತಳದ ಮೇಲೆ ಎಷ್ಟು ಪ್ಯಾಸೇಜ್ ಮಾಡಿದ್ರು (ಡಿಶ್ ತುಂಬಿದ ಹಾಗೆ ಎಷ್ಟು ಸಲ ಹೊಸ ಡಿಶ್‌ಗೆ ದಾಟಿಸಿದ್ರು) ಅಂತ ಪೇಪರಲ್ಲಿ ಒಂದು ಸಾಲು ಬರೆಯೋಕೆ ಏನು ಕಷ್ಟ ಅಂತ.

ಮೊನ್ನೆ ವಿಜಯಪುರದಿಂದ ಕಾಕಾ ಫೋನ್ ಮಾಡಿ “ಅಲ್ಲವಾ, ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸ್ಕೊಂಡ್ರ ಮೊಣಕಾಲ ಸರಿ ಆಗತೈತಂತಲ್ಲ, ಖರೇ ಏನ?” ಅಂದ್ರು. ಐಸಿಎಂಆರ್‌ನ 2017ರ ನಿಯಮದ ಪ್ರಕಾರ ರಕ್ತದ ಕಾಯಿಲೆಗೆ ಮಾಡೋ ಮಜ್ಜೆ ಕಸಿಯಂಥದ್ದು ಬಿಟ್ರೆ ಉಳಿದಿದ್ದೆಲ್ಲಾ ಕ್ಲಿನಿಕಲ್ ಟ್ರಯಲ್‌ನಲ್ಲೇ ಆಗಬೇಕು ಕಾಕಾ ಅಂದೆ. ಟ್ರಯಲ್ ಅಂತ ಹೇಳಿದ್ರೂ ಸೆಲ್ಲು ಯಾವುದರ ಮೇಲೆ, ಎಷ್ಟು ವಾರ ಬೆಳೆಸಿದ್ದು ಅಂತ ಒಂದು ಮಾತು ಕೇಳಿ ಅಂತಾನೂ ಅಂದೆ.